ಕೇಳದೆ ಹೇಳಿದ ಹೂಂ

ರುದ್ರಣ್ಣಾ,

ನಿಮಗೆ ನಾನು ಯಾವತ್ತೂ ಕಾಗದ ಬರೆದವಳಲ್ಲ. ಅದರ ಅಗತ್ಯವೇ ಇರಲಿಲ್ಲವಲ್ಲ, ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಎದುರುಬದುರು ಮೇಜಿನಲ್ಲಿ ಕೂರುತ್ತಿದ್ದೆವು. ಈಗ ಸ್ವೀಡನ್ನಿನ ಸೊಲ್ಲೆಂಟುನಾದ ನಮ್ಮ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಭಾನುವಾರದ ಮಧ್ಯಾಹ್ನ. ನನ್ನ ಗಂಡ ಇಮ್ತಿಯಾಜ್ ಬಟ್ಟೆ ಒಗೆಯಲು ಕಟ್ಟಡದ ಲಾಂಡ್ರಿ ಕೋಣೆಗೆ ಇಳಿದಿದ್ದಾರೆ. ಇಲ್ಲಿ ಬಟ್ಟೆ ಒಗೆಯುವುದಕ್ಕೂ ಸರದಿ ಬುಕ್ ಮಾಡಬೇಕು, ಕೇಳಿದ್ದರೆ ನೀವು ನಗುತ್ತಿದ್ದಿರಿ. ಮನೆಯಲ್ಲಿ ಉರ್ದು, ಆಫೀಸಿನಲ್ಲಿ ಸ್ವೀಡಿಷ್, ಮಗಳು ಝೋಯಾ ಜೊತೆ ಎಲ್ಲವೂ ಸೇರಿದ ಒಂದು ಕಲಸುಮೇಲೋಗರ. ಪೂರ್ತಿ ಕನ್ನಡದಲ್ಲಿ ಬರೆದು ಎಷ್ಟು ದಿನವಾಯಿತೋ.

ಮೊದಲ ದಿನ ನೆನಪಿದೆಯಾ? ದಾವಣಗೆರೆಯ ಮಂಡಿಪೇಟೆ ಹಿಂದಿನ ಬೀದಿ, ಸೈಕಲ್ ಅಂಗಡಿ ಮೇಲಿನ ಮಹಡಿ, ಬಾಗಿಲಿಗೆ ‘ಆರೋಗ್ಯ ಸಲಹಾ ಕೇಂದ್ರ’ ಅಂತ ಒಂದು ಬೋರ್ಡು. ನಾನು ಆಗಷ್ಟೇ ಎಂ.ಎಸ್.ಡಬ್ಲ್ಯೂ ಮುಗಿಸಿ ಕೌನ್ಸೆಲರ್ ಕೆಲಸ ಕೇಳಿಕೊಂಡು ಬಂದಿದ್ದೆ. ನೀವು ಚಾ ಕೊಟ್ಟು ಹೇಳಿದಿರಿ: “ನೋಡಮ್ಮಾ, ಇಲ್ಲಿಗೆ ಬರೋರು ಗಂಡಸರನ್ನ ಇಷ್ಟಪಡೋ ಗಂಡಸರು. ನಾನೂ ಅದೇ ಪೈಕಿ. ಕೂರ್ತೀಯೋ ಹೋಗ್ತೀಯೋ ಈಗಲೇ ಹೇಳ್ಬಿಡು, ಚಾ ಆರೋಗುತ್ತೆ.” ನಾನು ಕೂತೆ. ಧೈರ್ಯದಿಂದ ಅಂತೇನಲ್ಲ, ಎದ್ದು ಹೋಗುವುದು ಹೇಗೆ ಅಂತ ಗೊತ್ತಾಗಲಿಲ್ಲ. ಆಮೇಲೆ ಏಳಬೇಕು ಅನ್ನಿಸಲೇ ಇಲ್ಲ.

ಆ ಎರಡು ಕೋಣೆಗಳಿಗೆ ಬಾಡಿಗೆ ಬರುತ್ತಿದ್ದದ್ದು ಯುರೋಪಿನ ಒಂದು ಸಂಸ್ಥೆಯಿಂದ. ಬುಧವಾರದ ಡಾಕ್ಟರಿಗೂ, ಔಷಧಿಗೂ, ನನ್ನ ಸಂಬಳಕ್ಕೂ ಅಲ್ಲಿಂದಲೇ. ಮಿಲ್ಲಿನಿಂದ ಬರುವವರು, ಬೀಡಿ ಕಟ್ಟುವವರು, ಒಬ್ಬ ಮೇಷ್ಟ್ರು... ಕೇರಂ ಆಡಿ, ಮಂಡಕ್ಕಿ ತಿಂದು, ರಕ್ತ ಪರೀಕ್ಷೆ ಮಾಡಿಸಿಕೊಂಡು ಹೋಗುತ್ತಿದ್ದರು. ಜೋರಾಗಿ ನಗುವುದಕ್ಕೆ ಅವರಿಗೆ ಊರಲ್ಲಿ ಇದ್ದದ್ದು ಅದೊಂದೇ ಜಾಗ. ನಮ್ಮ ಸರ್ಕಾರ ಕೊಡುತ್ತಿತ್ತಾ ಆ ಬಾಡಿಗೆಯನ್ನು? ಊರಿನ ಯಾವ ಯಜಮಾನರು ಕೊಡುತ್ತಿದ್ದರು? ವಿದೇಶಿ ಹಣ ಅಂದರೆ ಮೂಗು ಮುರಿಯುವವರ ಎದುರು ನಾನು ಇವತ್ತಿಗೂ ಇದನ್ನೇ ಹೇಳುತ್ತೇನೆ.

ಆದರೆ ಆ ಸಂಸ್ಥೆಯವರು ನಾಲ್ಕು ಜನ ನಮ್ಮನ್ನು ನೋಡಲು ಬಂದ ದಿನವನ್ನೂ ಹೇಳಬೇಕು. ಬೆಣ್ಣೆದೋಸೆ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಮಂಜು ಅವತ್ತು ರಜೆ ಹಾಕಿ ಅತಿಥಿಗಳಿಗೆ ತಾನೇ ಚಾ ಮಾಡಿದ್ದ. ಬಂದವರು ನಿಮ್ಮಂಥವರ ಗುರುತಾದ ಕಾಮನಬಿಲ್ಲಿನ ಬಣ್ಣದ ಬಾವುಟವನ್ನು ಅವನ ಹೆಗಲಿಗೆ ಹೊದಿಸಿ ಫೋಟೋ ತೆಗೆದರು. ಅವನಿಗೆ ಶಾಲು ಹೊದಿಸಿ ಸನ್ಮಾನ ಮಾಡಿದಷ್ಟು ಖುಷಿ. ಫೋಟೋ ತೆಗೆದ ಹೆಂಗಸು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದಳು: “ಇದನ್ನ ನಮ್ಮ ಪುಸ್ತಕದಲ್ಲಿ, ವೆಬ್‌ಸೈಟಿನಲ್ಲಿ ಹಾಕಬಹುದಾ? ಅವನ ಒಪ್ಪಿಗೆ ಇದೆಯಾ?”

ನೀವು ಆಗ ಕೆಳಗೆ ಬಾಳೆಹಣ್ಣು ತರಲು ಹೋಗಿದ್ದಿರಿ. ಮಂಜು ಎರಡು ಮಾರು ದೂರದಲ್ಲಿ ಲೋಟ ತೊಳೆಯುತ್ತಿದ್ದ. ಒಂದು ಸಲ ಅವನನ್ನು ಕರೆದು ಕನ್ನಡದಲ್ಲಿ ಕೇಳಿದ್ದರೆ ಸಾಕಿತ್ತು. ನಾನು “ಯೆಸ್, ಯೆಸ್, ನೋ ಪ್ರಾಬ್ಲಂ” ಅಂದೆ. ಯಾಕೆ ಅಂದೆ? ಅತಿಥಿಗಳಿಗೆ ಬೇಸರವಾದೀತು ಅಂತಲೋ, ನನ್ನ ಇಂಗ್ಲಿಷಿನ ಮೇಲಿನ ಮೋಹವೋ...

ಎರಡು ತಿಂಗಳಾದ ಮೇಲೆ ಊರಿನ ಒಂದು ವಾರಪತ್ರಿಕೆ ಆ ಫೋಟೋವನ್ನು ಎತ್ತಿ ಮುಖಪುಟಕ್ಕೆ ಹಾಕಿತು, ವಿದೇಶಿ ಹಣದಲ್ಲಿ ಗಂಡುಮಕ್ಕಳನ್ನು ಕೆಡಿಸುತ್ತಿದ್ದಾರೆ ಅಂತ. ಮಂಜುವಿನ ಅಣ್ಣ ಅವನ ಬಟ್ಟೆಬರೆಯನ್ನೆಲ್ಲ ರಸ್ತೆಗೆ ಎಸೆದ. ಹೋಟೆಲಿನವರು ನಾಳೆಯಿಂದ ಬರಬೇಡ ಅಂದರು. ತುಟಿ ಒಡೆದುಕೊಂಡು ಮಂಜು ನಮ್ಮ ಮೆಟ್ಟಿಲು ಹತ್ತಿ ಬಂದ ಆ ಸಂಜೆ ನೆನಪಿದೆಯಾ ಅಣ್ಣಾ? ಚಪ್ಪಲಿ ಕೂಡ ಬಿಟ್ಟಿರಲಿಲ್ಲ. “ಯಾರು ಹೂಂ ಅಂದಿದ್ದು? ನನ್ನ ಮುಖ ಹಾಕೋಕೆ ಯಾರು ಹೂಂ ಅಂದಿದ್ದು?”

ನೀವು ನನ್ನ ಕಡೆ ನೋಡಲೂ ಇಲ್ಲ. “ನಾನೇ ಕಣೋ” ಅಂದಿರಿ.

ಅವನು ನಿಮ್ಮ ಕಾಲರ್ ಹಿಡಿದ. ನೀವು ಬಿಡಿಸಿಕೊಳ್ಳಲಿಲ್ಲ. ಅದೇ ವಾರ ಅವನು ಊರು ಬಿಟ್ಟು ಹುಬ್ಬಳ್ಳಿಗೆ ಹೋದ. ಮನೆ ಮಾಲೀಕರು ಬೀಗ ಹಾಕಿದರು, ನಾವು ಬೇರೆ ಕಡೆ ಇನ್ನೂ ಚಿಕ್ಕ ಕೋಣೆ ಹಿಡಿದೆವು. ನೀವು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಬಸ್ ಸ್ಟಾಂಡಿನವರೆಗೆ ಬಂದು “ಊಟ ಮಾಡಿದ್ಯೇನಮ್ಮಾ?” ಅಂದಿರಿ, ಅಷ್ಟೇ. ಒಂದೆರಡು ವರ್ಷದಲ್ಲಿ ಆ ಸಂಸ್ಥೆಯವರ ಆದ್ಯತೆ ಬದಲಾಯಿತು ಅಂತ ಒಂದು ಇಮೇಲ್ ಬಂತು. ಬುಧವಾರದ ಡಾಕ್ಟರು ಬರುವುದು ನಿಂತಿತು. “ಬರುವಾಗಲೂ ನಮ್ಮನ್ನ ಕೇಳಲಿಲ್ಲ, ಹೋಗುವಾಗಲೂ ಕೇಳಲಿಲ್ಲ” ಅಂದಿರಿ ನೀವು, ಸಿಟ್ಟಿಲ್ಲದೆ. ಅಷ್ಟರಲ್ಲಿ ಇಮ್ತಿಯಾಜ್‌ಗೆ ಇಲ್ಲಿ ಕೆಲಸ ಸಿಕ್ಕಿ ನಾವೂ ಹೊರಟಿದ್ದೆವು. ಬಂದ ಎರಡನೇ ಚಳಿಗಾಲದಲ್ಲಿ ನೀವು ತೀರಿಕೊಂಡ ಸುದ್ದಿ ಬಂತು.

ಇಲ್ಲಿ ಮೊದಲು ಒಂದು ಡಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಪುಟ್ಟ ಮಕ್ಕಳ ಮೂಗು ಒರೆಸುತ್ತಾ ಭಾಷೆ ಕಲಿತೆ. ಈಗ ನಾಲ್ಕು ವರ್ಷದಿಂದ ಬೇರೆ ದೇಶಗಳ ಆಸ್ಪತ್ರೆಗಳಿಗೆ ನೆರವು ಕಳಿಸುವ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ. ಹೌದು, ನಾನು ಈಗ ಮೇಜಿನ ಆ ಕಡೆ ಕೂತಿದ್ದೇನೆ.

ಹೋದ ತಿಂಗಳು ಒಂದು ಫೀಕಾ ಹೊತ್ತಿನಲ್ಲಿ, ಇಲ್ಲಿ ಎಲ್ಲರೂ ಕೆಲಸ ಬಿಟ್ಟು ಕಾಫಿಗೆ ಕೂರುವ ಹೊತ್ತು ಅದು, ನಮ್ಮ ಮುಖ್ಯಸ್ಥೆ ಬಿರ್ಗಿಟ್ಟಾ ಒಂದು ವಿಷಯ ಎತ್ತಿದಳು. ನಾವು ಬಾಣಂತಿಯರ ಆಸ್ಪತ್ರೆಗೆ ನೆರವು ಕೊಡುವ ಆಫ್ರಿಕಾದ ಒಂದು ದೇಶದಲ್ಲಿ ನಿಮ್ಮಂಥವರನ್ನು ಜೈಲಿಗೆ ಹಾಕುವ ಕಾನೂನು ಬಂದಿದೆ. “ನೆರವು ನಿಲ್ಲಿಸೋಣ. ಯಾಕೆ ನಿಲ್ಲಿಸಿದೆವು ಅಂತ ಜಗತ್ತಿಗೆಲ್ಲ ಕೇಳುವ ಹಾಗೆ ಹೇಳೋಣ” ಅಂದಳು. ಅವಳು ಮದುವೆಯಾಗಿರುವುದು ಒಬ್ಬ ಹೆಂಗಸನ್ನು. “ಮನೆಗೆ ಹೋಗಿ ನನ್ನ ಹೆಂಡತಿಯ ಮುಖ ನೋಡಬೇಕು ನಾನು. ಸುಮ್ಮನಿದ್ದರೆ ಏನು ಹೇಳಲಿ ಅವಳಿಗೆ?” ಅವಳದು ಬರೀ ದೊಡ್ಡಸ್ತಿಕೆ ಅಂತ ನಾನು ಹೇಗೆ ಅನ್ನಲಿ?

ಅವತ್ತು ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿದೆ. ಇಮ್ತಿಯಾಜ್ ಅಂದರು: “ಅವರ ದೇಶ, ಅವರ ಕಾನೂನು. ದುಡ್ಡು ಕೊಡ್ತೀವಿ ಅಂತ ಪಾಠ ಹೇಳೋಕೆ ನಾವ್ಯಾರು? ನಮ್ಮೂರಿಗೆ ಯಾರಾದ್ರೂ ಹಂಗೆ ಬಂದು ಹೇಳಿದ್ರೆ ನಾವು ಕೇಳ್ತಿದ್ವಾ?” ಝೋಯಾ ಸ್ವೀಡಿಷ್‌ನಲ್ಲಿ ಅಂದಳು: “ಜೈಲಿಗೆ ಹೋಗೋರೂ ಅದೇ ದೇಶದವರಲ್ವಾ ಪಪ್ಪಾ?” ಹದಿನೈದು ವರ್ಷ ಅವಳಿಗೆ. ಇಮ್ತಿಯಾಜ್ ಅನ್ನ ಕಲಸತೊಡಗಿದರು. ನಾನು ಯಾರ ಪಕ್ಷ? ಇಬ್ಬರ ಮಾತಿನಲ್ಲೂ ನಿಮ್ಮ ದನಿ ಕೇಳಿದ ಹಾಗಾಯಿತು ನನಗೆ.

ಮರುದಿನದ ಮೀಟಿಂಗಿನಲ್ಲಿ ಬಿರ್ಗಿಟ್ಟಾ ನೇರವಾಗಿ ಕೇಳಿದಳು: “ಶಾಹಿನಾ, ನೀನು ಆ ಕಡೆಯಿಂದ ಬಂದವಳು. ಹೊರಗಿನ ದುಡ್ಡು ಒಳ್ಳೆಯದು ಮಾಡಿತಾ, ಕೆಟ್ಟದ್ದಾ?” ಎರಡೂ ಅಂದೆ. ಕೇರಂ ಬೋರ್ಡಿನ ಕಥೆ ಹೇಳಿದೆ, ನಿಮ್ಮ ಬಗ್ಗೆ ಹೇಳಿದೆ, ಮಂಜುವಿನ ಫೋಟೋ ಹೇಳಿದೆ. “ಯಾರು ಒಪ್ಪಿಗೆ ಕೊಟ್ಟಿದ್ದು?” ಅಂತ ಒಬ್ಬರು ಕೇಳಿದರು. “ಆಫೀಸಿನವರು ಯಾರೋ” ಅಂದೆ ಅಣ್ಣಾ. ಹನ್ನೆರಡು ವರ್ಷ ಆದ ಮೇಲೆ, ನಿಮ್ಮ ಮುಖವನ್ನೂ ಕಂಡಿರದ ಜನರ ಎದುರು ಕೂಡ. ಆಮೇಲೆ ಒಂದು ಮಾತು ಸೇರಿಸಿದೆ: “ನಿಲ್ಲಿಸೋದಕ್ಕೆ ಮುಂಚೆ ಅಲ್ಲಿಯವರನ್ನ ಒಂದು ಸಲ ಕೇಳೋಣ.”

ಕೇಳಿದೆವು. ಆ ಆಸ್ಪತ್ರೆಯ ಹಿರಿಯ ನರ್ಸ್ ಗ್ರೇಸ್ ಫೋನಿಗೆ ಬಂದಳು. ಹಿಂದಿನ ಬಾಗಿಲಿನಿಂದ ನಿಮ್ಮಂಥವರಿಗೂ ಔಷಧಿ ಕೊಡುತ್ತಾ ಬಂದವಳು ಅವಳು. “ನೀವು ನಿಲ್ಲಿಸಿದ್ರೆ ಸಾಯೋರು ಬಾಣಂತಿಯರು. ಏಟು ಬೀಳೋದು ನನ್ನ ಹುಡುಗರಿಗೆ, ಇವರಿಂದಲೇ ಔಷಧಿ ನಿಂತಿತು ಅಂತ. ಮಂತ್ರಿಗಳಿಗೆ ಏನೂ ಆಗಲ್ಲ, ಅವರ ಹೆಂಡಿರು ಇಲ್ಲಿ ಹೆರೋಕೆ ಬರಲ್ಲ. ವಕೀಲರ ಖರ್ಚು ಕೊಡಿ. ನಿಮ್ಮ ಸರ್ಕಾರಕ್ಕೆ ಹೇಳಿ ನಮ್ಮ ಸರ್ಕಾರದ ಜೊತೆ ಮಾತಾಡಿಸಿ. ನಮ್ಮ ಮುಖ ಮಾತ್ರ ಎಲ್ಲೂ ಹಾಕಬೇಡಿ.”

ಬಿರ್ಗಿಟ್ಟಾ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಗ್ರೇಸ್ ಕೈಯಿಂದ ಯಾರೋ ಫೋನ್ ತೆಗೆದುಕೊಂಡರು. ಅಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡುವ, ನಡುವಯಸ್ಸಿನ ಒಬ್ಬ. “ಅದು ಅವಳ ಮಾತು. ನನಗೆ ಬಚ್ಚಿಟ್ಟುಕೊಂಡು ಸಾಕಾಗಿದೆ. ನೆರವು ನಿಲ್ಲಿಸಬೇಡಿ, ಬಾಯಿಯನ್ನೂ ಮುಚ್ಚಬೇಡಿ. ನನ್ನ ಹೆಸರು ಹಾಕಿ ಬರೀರಿ. ಏನಾಗುತ್ತೆ ಅಂತ ನನಗೆ ಗೊತ್ತು, ಗೊತ್ತಿದ್ದೇ ಹೇಳ್ತಿದೀನಿ.” ಆ ಕಡೆ ಗ್ರೇಸ್ ಅವನನ್ನು ಬೈಯುವುದು ಕೇಳಿಸುತ್ತಿತ್ತು. ನೀವು ಅಲ್ಲಿದ್ದಿದ್ದರೆ ಯಾರ ಹಾಗೆ ಮಾತಾಡುತ್ತಿದ್ದಿರಿ ಅಣ್ಣಾ? ಗ್ರೇಸ್ ಹಾಗೆ ಅಂತ ಆ ಕ್ಷಣ ಅಂದುಕೊಂಡೆ. ಈಗ ಅಷ್ಟು ಖಾತ್ರಿಯಿಲ್ಲ. ಇಡೀ ಜನ್ಮ ಬರೀ ‘ಆರೋಗ್ಯ ಸಲಹಾ ಕೇಂದ್ರ’ ಅನ್ನುವ ಬೋರ್ಡಿನ ಹಿಂದೆ ಕೂತಿರಲ್ಲ, ಅದು ನಿಮಗೆ ಸಾಕಾಗಿತ್ತೋ, ಅಥವಾ...

ಕೊನೆಗೆ ನೆರವು ನಿಲ್ಲಿಸಲಿಲ್ಲ. ವಕೀಲರಿಗೂ ಒಂದಿಷ್ಟು ಸೇರಿಸಿದೆವು. ಆ ಲ್ಯಾಬಿನವನ ಪತ್ರವನ್ನು ಅವನ ಮಾತಿನಲ್ಲೇ ಪ್ರಕಟಿಸಿದೆವು, ಒಂದೊಂದು ಸಾಲನ್ನೂ ಅವನಿಗೆ ಓದಿ ಹೇಳಿದ ಮೇಲೆ. ಎರಡು ಸಾಲು ಅವನೇ ತೆಗೆಸಿದ. ಗ್ರೇಸ್ ಹೆಸರಾಗಲಿ, ಆಸ್ಪತ್ರೆಯ ಹೆಸರಾಗಲಿ ಎಲ್ಲೂ ಇಲ್ಲ. ಬಿರ್ಗಿಟ್ಟಾಗೆ ಪೂರ್ತಿ ಸಮಾಧಾನವಿಲ್ಲ. ಮೌನಕ್ಕೂ ಬೆಲೆ ಇದೆ, ಅದನ್ನು ಯಾರೋ ತೆರುತ್ತಾರೆ ಅನ್ನುತ್ತಾಳೆ. ಅದು ಸುಳ್ಳಲ್ಲ. ನೀವು ಹೋದ ಮರುವರ್ಷ ನಮ್ಮ ದೇಶದಲ್ಲಿ ನಿಮ್ಮಂಥವರನ್ನು ಅಪರಾಧಿಗಳು ಅನ್ನುತ್ತಿದ್ದ ಆ ಹಳೆಯ ಕಾನೂನು ಬಿದ್ದುಹೋಯಿತು ಅಣ್ಣಾ, ನಿಮಗದು ಗೊತ್ತಿಲ್ಲ. ಕೇಸು ಹೋರಾಡಿದವರು ನಮ್ಮವರೇ. ಆದರೆ ಅಂಥವರು ಮೊದಲ ಸಲ ಒಟ್ಟಿಗೆ ಕೂತು ಮಾತಾಡಿದ ಕೋಣೆಗಳ ಬಾಡಿಗೆಯನ್ನು ಎಲ್ಲೆಲ್ಲಿಂದ ಯಾರ್ಯಾರು ಕಟ್ಟಿದ್ದರೋ, ಅದನ್ನೂ ಮರೆಯಲಾರೆ.

ಆ ಪತ್ರ ಪ್ರಕಟವಾದ ದಿನ ರೈಲಿನಲ್ಲಿ ಮನೆಗೆ ಬರುವಾಗ ನನಗೆ ಕೂರಲಾಗಲಿಲ್ಲ. ಮುಂದಿನ ಶನಿವಾರ ಮಂಜುವಿನ ನಂಬರ್ ಹುಡುಕಿ ಫೋನ್ ಮಾಡಿದೆ. ಹುಬ್ಬಳ್ಳಿಯಲ್ಲಿ ಅವನದೇ ಒಂದು ಸಣ್ಣ ದೋಸೆ ಹೋಟೆಲ್ ಇದೆ. “ಶಾಹಿನಾ ಮೇಡಮ್ಮಾ! ಸ್ವೀಡನ್ನಿಂದಾನಾ? ಹೆಂಗದೀರಿ?” ಅಂತ ಕೂಗಿದ. ಅವನ ಮಾತಿನಲ್ಲಿ ಹುಬ್ಬಳ್ಳಿ ಸೇರಿಕೊಂಡಿದೆ. ನಾನು ಮಧ್ಯದಲ್ಲೇ ತಡೆದು ಹೇಳಿಬಿಟ್ಟೆ. ಫೋಟೋಗೆ ಹೂಂ ಅಂದಿದ್ದು ನಾನು ಅಂತ, ರುದ್ರಣ್ಣ ಅಲ್ಲ ಅಂತ.

ಆ ಕಡೆ ತಟ್ಟೆಗಳನ್ನು ಕೆಳಗಿಟ್ಟ ಸದ್ದು. ಆಮೇಲೆ ಅವನು ಕೇಳಿದ: “ಹಂಗಾದ್ರೆ ಅಣ್ಣ ಅಲ್ಲ?”

“ಅಲ್ಲ ಮಂಜು.”

“ನಾನು ಅವರ ಮಣ್ಣಿಗೆ ಬರ್ಲಿಲ್ಲ ಮೇಡಂ. ಸುದ್ದಿ ಬಂದಿತ್ತು ನನಗ. ಮೂರು ತಾಸಿನ ದಾರಿ. ಕಾವಲಿ ಮುಂದ ನಿಂತು ದೋಸೆ ಹಾಕ್ತಾನೇ ಇದ್ದೆ, ಸತ್ರೆ ಸಾಯ್ಲಿ ಅಂತ.” ಫೋನ್ ಇಟ್ಟುಬಿಟ್ಟ.

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನನ್ನ ತಪ್ಪು ಒಂದು ಫೋಟೋದಷ್ಟೇ ಅಂದುಕೊಂಡಿದ್ದೆ. ನಿಮ್ಮನ್ನು ಹೊತ್ತವರಲ್ಲಿ ಅವನಿರಲಿಲ್ಲ ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ನೀವು ಕೊನೆಯವರೆಗೂ ಅವನ ದಾರಿ ಕಾದಿರಾ? ಅವನಿಗೆ ನಿಜ ಹೇಳು ಅಂತ ಯಾಕೆ ಒಂದು ದಿನವಾದರೂ ನನ್ನನ್ನು...

ಈ ಸುದ್ದಿ ಹೇಳುವುದಕ್ಕೇ ಇಷ್ಟೆಲ್ಲ ಬರೆದದ್ದು. ಇವತ್ತು ಬೆಳಿಗ್ಗೆ ಮಂಜುವಿನಿಂದ ಒಂದು ವಾಯ್ಸ್ ಮೆಸೇಜ್ ಬಂತು. ಹಿಂದೆ ಬಸ್ಸಿನ ಸದ್ದು. “ದಾವಣಗೆರೆಗೆ ಹೋಗಿದ್ದೆ. ಅಣ್ಣನ ಗದ್ದುಗೆ ಸುತ್ತ ಹುಲ್ಲು ಎದೆಮಟ್ಟ ಬೆಳದಿತ್ತು, ಕಿತ್ತು ತೆಗದೆ. ಸಂಜಿತನಕ ಕುಂತಿದ್ದೆ. ನಿಮಗೆ ಗೊತ್ತಾಗ್ಲಿ ಅಂತ ಹೇಳಿದೆ, ಅಷ್ಟೇ. ನೀವಾಗಿ ಫೋನ್ ಮಾಡಬ್ಯಾಡ್ರಿ. ಮಾಡ್ಬೇಕು ಅನಿಸಿದ್ರ ನಾನೇ ಮಾಡ್ತೀನಿ.”

ಅವನು ಬೇಡ ಅಂದಿದ್ದಾನೆ ಅಣ್ಣಾ. ನಾನು ಮಾಡಿಲ್ಲ.

ನಿಮ್ಮ
ಶಾಹಿನಾ