ಕಿಟಕಿಯಿಂದ ತೆಗೆದ ಶ್ರುತಿಪೆಟ್ಟಿಗೆ

ವೈನಿ,

ಹಾವೇರಿಗೆ ಡ್ಯೂಟಿಗೆ ಹೋಗುತ್ತಿದ್ದೇನೆ. ನೀವು ಏಳುವ ಮೊದಲೇ ಹೊರಟಿದ್ದು ಬೇಕಂತಲೇ. ನಿಮ್ಮ ಮುಖ ನೋಡುವ ಧೈರ್ಯ ಇರಲಿಲ್ಲ. ಹಾಲು ಕಾಯಿಸಿಟ್ಟಿದ್ದೇನೆ.

ನಾನು ಬೆಸುಗೆ ಹಾಕಿ ಮಾಡಿದ ಶ್ರುತಿಪೆಟ್ಟಿಗೆಯನ್ನು ಕಿಟಕಿಯಿಂದ ತೆಗೆದು ದೇವರ ಕೋಣೆಯಲ್ಲಿಟ್ಟಿದ್ದೇನೆ. ಚಾಲೂ ಇದೆ, ಬಂದ್ ಮಾಡಬೇಡಿ. ಒಂದೇ ಸಮ ಬೆಚ್ಚಗಿದ್ದರೆ ಮಾತ್ರ ಅದರ ಸ್ವರ ನಿಲ್ಲುತ್ತದೆ. ಫ್ಯಾನಿನ ಗಾಳಿಯೂ ತಾಗಬಾರದು. ಒಳಗಿನ ಟ್ರಾನ್ಸಿಸ್ಟರ್‌ಗೆ ಬೆರಳಿನ ಬಿಸಿ ತಾಗಿದರೂ ಸಾಕು, ಸ್ವರ ಮೇಲೇರುತ್ತದೆ. ನಿನ್ನೆ ನೀವು ಹಾಡುವಾಗ ಅದರ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು.

ಇದೆಲ್ಲ ಗೊತ್ತಿದ್ದೂ, ನಿಮ್ಮ ತವರಿನವರೆಲ್ಲ ಕುಳಿತಿದ್ದಾಗ, ಹಾಡಿನ ನಡುವೆ ಕೈ ಎತ್ತಿ "ವೈನಿ, ಶ್ರುತಿ ಬಿಟ್ಟೀರಿ ನೋಡ್ರಿ" ಅಂದೆ. "ಪೆಟ್ಟಿಗೀನ ಒಮ್ಮೆ ನೋಡಪಾ" ಅಂದಿರಿ. "ಮಷೀನು ತಪ್ಪತೈತೇನ್ರಿ?" ಅಂತ ನಕ್ಕೆ. ಅವರೂ ನಕ್ಕರು. ಚಹಾ ಇಡುತ್ತೇನೆಂದು ಒಳಗೆ ಹೋದ ನೀವು ಮತ್ತೆ ಹೊರಗೆ ಬರಲಿಲ್ಲ.

ನಿಮ್ಮ ತಂಗಿ ಮೇಘಾ ಮೊಬೈಲಿನಲ್ಲಿ ಹಿಡಿದಿದ್ದ ಹಾಡನ್ನು ಆಮೇಲೆ ಹಾರ್ಮೋನಿಯಂ ಸ್ವರಕ್ಕೆ ಹೋಲಿಸಿ ಕೇಳಿದೆ. ನೀವು ಹಿಡಿದ ಸ್ವರ ಕೊನೆಯತನಕ ಕದಲಿಲ್ಲ. ಏರುತ್ತ ಹೋದದ್ದು ನನ್ನ ಪೆಟ್ಟಿಗೆ. ಅದಕ್ಕಿಂತ ಹೆಚ್ಚು ನಾನು.

ನಿಮ್ಮವರು ಸಂಜೆ ಬ್ಯಾಡಗಿಗೆ ಹೊರಡುತ್ತಾರಲ್ಲ, ನಾನು ಬರುವತನಕ ಅವರನ್ನು ನಿಲ್ಲಿಸಿಕೊಳ್ಳಿ. ಆ ಹಾಡನ್ನೇ ಇನ್ನೊಮ್ಮೆ ಹಾಡಿ. ಈ ಸಲ ಮೊದಲು ನೀವು ಸ್ವರ ಹಿಡಿಯಿರಿ. ಎಲ್ಲರ ಎದುರಿಗೆ ತಿರುಪು ತಿರುಗಿಸಿ, ಪೆಟ್ಟಿಗೆಯನ್ನು ನಾನು ನಿಮ್ಮ ಸ್ವರಕ್ಕೆ ತರುತ್ತೇನೆ.

ನಿಮ್ಮ ಮೈದುನ ಮಾಂತೇಶ