ಕರಿ ಆಮೆ, ಬಿಳಿ ಆಮೆ

ಬೆಂಗೇರಿ, ಹುಬ್ಬಳ್ಳಿ
16 ನವೆಂಬರ್ 2008, ರವಿವಾರ

ನಮ್ಮ ಮನೆಯವರಿಗೆ,

ಕಾವೇರಿಯ ನಮಸ್ಕಾರಗಳು. ನೀವು ಮನೆ ಬಿಟ್ಟು ಏಳು ತಿಂಗಳಾಯಿತು, ಆದರೂ ನಿಮ್ಮನ್ನು ಬೇರೆ ಏನೆಂದು ಕರೆಯಬೇಕೋ ನನಗೆ ತಿಳಿಯದು. ಇಲ್ಲಿ ನಾನು ಅರಾಮ ಇದ್ದೇನೆ. ಲಕಮನಹಳ್ಳಿಯಲ್ಲಿ ನೀವು ಹೇಗಿದ್ದೀರಿ ಎಂದು ಗುಲಾಬಸಾಬರನ್ನು ಕೇಳಿದರೆ ಛಲೋ ಅದಾರ ಎಂದು ಹೇಳಿ ಬೇರೆ ಕಡೆ ನೋಡುತ್ತಾರೆ. ಅವರ ವರ್ಕ್‌ಶಾಪಿನ ಹಿಂದಿನ ಖೋಲಿಯಲ್ಲಿ ನೀವು ಎರಡು ಹೊತ್ತೂ ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡು ಉಣ್ಣುತ್ತೀರೆಂದು ಒಮ್ಮೆ ಅವರ ಬಾಯಿಂದ ಜಾರಿತ್ತು. ಪತ್ರದ ಜೊತೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದ್ದೇನೆ. ಸಿಟ್ಟು ನನ್ನ ಮೇಲೆ ಇರಲಿ, ರೊಟ್ಟಿಯ ಮೇಲೆ ಬೇಡ.

ನಿಮ್ಮ ಚೀಟಿ ಮುಟ್ಟಿತು. ಏಳು ತಿಂಗಳಲ್ಲಿ ನೀವು ಬರೆದದ್ದು ಅದೊಂದೇ, ಅದರಲ್ಲೂ ನನ್ನ ವಿಷಯ ಒಂದಕ್ಷರ ಇಲ್ಲ. ಮುಂಬೈನ ವ್ಯಾಪಾರಿ ಮುಂದಿನ ವಾರ ಬರುತ್ತಾನೆ, ಎರಡು ಯಂತ್ರಗಳಲ್ಲಿ ಒಂದರ ಏಜೆನ್ಸಿ ಹಿಡಿಯಬೇಕು, ಮನೆಯಲ್ಲಿ ಬಳಸಿದವಳು ನೀನು, ಯಾವುದು ಒಳ್ಳೆಯದೆಂದು ಬರೆದು ಕಳಿಸು ಎಂದಿದ್ದೀರಿ. ಕೆಳಗೆ ನಂಬರು ಹಾಕಿ ಐದು ಪ್ರಶ್ನೆ, ಸಾಲಿ ಮಾಸ್ತರು ಕೊಟ್ಟ ಹಾಗೆ. ಓದಿ ಚೀಟಿಯನ್ನು ಒಲೆಗೆ ಹಾಕಬೇಕೆನ್ನಿಸಿತು. ಆಮೇಲೆ ಸ್ಟೂಲು ಹತ್ತಿ, ನೀವು ಅಟ್ಟಕ್ಕೆ ತುರುಕಿದ್ದ ಎರಡೂ ಯಂತ್ರ ಇಳಿಸಿ, ಒರೆಸಿ, ಕರೆಂಟಿಗೆ ಹಚ್ಚಿದೆ. ನೀವು ಕೇಳಿದ್ದಕ್ಕೆ ಇಲ್ಲ ಎನ್ನುವ ಅಭ್ಯಾಸ ನನಗಿಲ್ಲ.

ಸಂಕ್ರಾಂತಿಯ ಮರುದಿನ ನೀವು ಆ ಎರಡು ಪೆಟ್ಟಿಗೆಗಳನ್ನು ಪಡಸಾಲೆಯಲ್ಲಿ ಬಿಚ್ಚಿದ್ದು ಕಣ್ಣಿಗೆ ಕಟ್ಟಿದಂತಿದೆ. ಒಂದು ಕರಿದು, ಒಂದು ಬಿಳಿದು, ಎರಡೂ ರೊಟ್ಟಿಯ ಹಂಚಿನಷ್ಟು ಅಗಲ. ದೊಡ್ಡ ಸಾಹುಕಾರರ ಮನೆಗೆಂದು ಮಾಡಿದ ಸಾಮಾನು, ತಾವೇ ತಿರುಗಿ ಕಸ ಹೊಡೆಯುತ್ತವೆ, ನಾಳೆ ಹುಬ್ಬಳ್ಳಿ-ಧಾರವಾಡದ ಮನೆಮನೆಯಲ್ಲಿ ಇವೇ ಇರುತ್ತವೆ ಎಂದಿರಿ. ಮಿಕ್ಸರ್ ರಿಪೇರಿ ಮಾಡಿ ಮಾಡಿ ಬೇಸತ್ತ ನಿಮ್ಮ ಮುಖದಲ್ಲಿ ಅಂಥ ಕಳೆ ನಾನು ನೋಡಿದ್ದು ಅದೇ ಮೊದಲು. ಅತ್ತೆ ಮಂಚದ ಮೇಲೆ ಕಾಲು ಎತ್ತಿಕೊಂಡು ಕೂತು, ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡೇ ನಕ್ಕರು. ಇವು ಆಮಿ ಇದ್ದಂಗ ಅದಾವ ಎಂದರು. ಅಂದಿನಿಂದ ಅವು ಕರಿ ಆಮೆ, ಬಿಳಿ ಆಮೆ. ಕಂಪನಿಯವರು ಇಟ್ಟ ಹೆಸರು ನಮ್ಮ ಮನೆಯಲ್ಲಿ ಯಾರ ನಾಲಿಗೆಗೂ ಹತ್ತಲಿಲ್ಲ.

ಇನ್ನು ನಿಮ್ಮ ಪ್ರಶ್ನೆಗಳು. ಕಸ ಹೊಡೆಯುವುದರಲ್ಲಿ ಕರಿದೇ ಜೋರು. ಮೆಣಸಿನಕಾಯಿ ಬೀಜ, ಶೇಂಗಾ ಸಿಪ್ಪೆ, ಒಗ್ಗರಣೆಯಿಂದ ಸಿಡಿದ ಸಾಸಿವೆ, ಏನನ್ನೂ ಬಿಡುವುದಿಲ್ಲ. ನಮ್ಮ ಶಹಾಬಾದಿ ಫರಸಿಯ ಸಂದಿಯಲ್ಲಿ ಬಿಳಿದರ ಗಾಲಿ ಸಿಕ್ಕಿಬೀಳುತ್ತದೆ, ಕರಿದು ಎಗರಿ ಹೋಗುತ್ತದೆ. ಆದರೆ ಬಿಳಿದು ಹಿಂದೆ ಒದ್ದೆ ಬಟ್ಟೆ ಎಳೆದುಕೊಂಡು ಹೋಗುವುದರಿಂದ ನೆಲ ಒರೆಸುವ ಕೆಲಸವೂ ಅದರಲ್ಲೇ ಮುಗಿಯುತ್ತದೆ, ಸೊಂಟ ಬಗ್ಗಿಸಬೇಕಾಗಿಲ್ಲ. ತೊಂದರೆ ಏನೆಂದರೆ ಅದಕ್ಕೆ ರಂಗೋಲಿಯೂ ಕಸವೇ. ದೇವರ ಮುಂದಿನ ಕುಂಕುಮವನ್ನು ಅಡಿಗೆ ಮನೆಯವರೆಗೆ ಎಳೆದು ತಂದದ್ದು ನೆನಪಿರಬೇಕಲ್ಲ, ಅತ್ತೆ ಮೂರು ದಿನ ಅದರ ಜೊತೆ ಮಾತು ಬಿಟ್ಟಿದ್ದರು. ಸಪ್ಪಳದ ಮಾತು ಕೇಳಿದ್ದೀರಿ. ಕರಿದು ಹಿಟ್ಟಿನ ಗಿರಣಿ, ಬಿಳಿದು ಗುಂಯ್ ಎನ್ನುತ್ತದೆ ಅಷ್ಟೇ. ಕರಿದು ನಡೆದಾಗ ಟಿವಿ ನೋಡುವವರು ತುಟಿ ನೋಡಿ ಕಥೆ ತಿಳಿದುಕೊಳ್ಳಬೇಕು.

ಅಡೆತಡೆ ಎಂದು ಬರೆದಿದ್ದೀರಿ. ಹೊಸ್ತಿಲು ಎರಡಕ್ಕೂ ದಾಟಲಾಗದು. ಕರಿದು ಮಂಚದ ಕೆಳಗೆ ನುಗ್ಗುತ್ತದೆ, ನುಗ್ಗಿದರೆ ಕೌದಿಯ ದಾರ ನುಂಗುತ್ತದೆ. ಮೂಲೆಯ ವಿಷಯ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಯಂತ್ರ ಗುಂಡಗೆ, ಮೂಲೆ ಚೌಕ. ಆಮೆಗಳ ಕೆಲಸ ಮುಗಿದ ಮೇಲೆ ನಿಮ್ಮ ಅವ್ವ ಕಸಬರಿಗೆ ಹಿಡಿದು ನಾಲ್ಕೂ ಮೂಲೆ ಹೊಡೆದು, ಹಿಡಿಯಷ್ಟು ಧೂಳು ತಂದು ನನಗೆ ತೋರಿಸುತ್ತಿದ್ದರು. ನಲವತ್ತು ವರ್ಷ ಬೆಳಗಿನ ಕಸ ಅವರದೇ ಆಗಿತ್ತು, ಅದನ್ನು ಯಾರಿಗೂ ಬಿಟ್ಟುಕೊಟ್ಟವರಲ್ಲ. ವ್ಯಾಪಾರಿಗೆ ಹೇಳಿ, ಮೂಲೆಯಲ್ಲಿ ಎರಡೂ ಸೋತವು, ಬೀರವ್ವ ಗೆದ್ದಳು ಎಂದು.

ನಾಲ್ಕನೆಯದು ಕಸದ ಪೆಟ್ಟಿಗೆ, ಐದನೆಯದು ಗಡಿಯಾರ. ಇವೆರಡಕ್ಕೆ ಉತ್ತರ ಬರೆಯಲು ಕೂತು ಮೂರು ಹಾಳೆ ಹರಿದಿದ್ದೇನೆ.

ಗಡಿಯಾರ ಸರಿಯಾಗಿ ನಡೆಯುತ್ತದೆಯೇ ಎಂದು ಕೇಳಿದ್ದೀರಿ. ಬೇರೆ ಅಕ್ಷರಗಳೆಲ್ಲ ದುಂಡಗಿವೆ, ಆ ಸಾಲೊಂದು ಸೊಟ್ಟಗಿದೆ. ಫೆಬ್ರವರಿಯ ಆ ಸೋಮವಾರ ಅತ್ತೆ ಅಮರಗೋಳಕ್ಕೆ ಹೊರಟರಲ್ಲ, ನಿಮ್ಮ ತಂಗಿ ಲಕ್ಷ್ಮಿಯ ಮಗನ ಮೊದಲ ಕೂದಲು ತೆಗೆಸುವ ಜವಳಕ್ಕೆ, ಎಂಟು ದಿನದ ಮಟ್ಟಿಗೆ. ಅದಕ್ಕೆ ಎರಡು ದಿನ ಮೊದಲು ನೀವು ಕರಿ ಆಮೆಗೆ ಬೆಳಗಿನ ಎಂಟು ಗಂಟೆಗೆ ಟೈಮ್ ಇಟ್ಟಿದ್ದಿರಿ. ಶನಿವಾರ, ರವಿವಾರ ಎರಡು ದಿನವೂ ಎಂಟಕ್ಕೆ ಸರಿಯಾಗಿ ಹೊರಟಿತು. ಸೋಮವಾರ ಎಂಟಕ್ಕೆ ಅತ್ತೆ ಹೊಸ್ತಿಲು ದಾಟಿದರು, ಅವರ ಬೆನ್ನಿಗೇ ಒಳಗೆ ಕಸ ಹೊಡೆಯುವುದು ಶುರುವಾಯಿತು. ಹೊರಟವರ ಬೆನ್ನಿಗೆ ಕಸ ಹೊಡೆಯುವುದು ಯಾವಾಗ ಎಂದು ನಮ್ಮ ಮಂದಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆಣ ಎತ್ತಿದ ಮೇಲೆ. ಅದು ತಿರುಗಿ ಬರಬಾರದೆಂದು.

ನೀವು ಆಗ ಗೇಟಿನ ಹೊರಗೆ ರಿಕ್ಷಾದಲ್ಲಿ ಅವರ ಚೀಲ ಇಡುತ್ತಿದ್ದಿರಿ, ಒಳಗೆ ಏನಾಯಿತೆಂದು ನೋಡಲಿಲ್ಲ. ರಿಕ್ಷಾ ಹತ್ತಿದ ಮೇಲೆ ಅವರು ಕೇಳಿದ್ದನ್ನು ನೀವೇ ನನಗೆ ಎಷ್ಟೋ ಸಲ ಹೇಳಿದ್ದೀರಿ. ಟೈಮ್ ನೀನಽ ಇಟ್ಟಿದ್ದೇನೋ ದುರ್ಗ್ಯಾ ಎಂದು ಕೇಳಿದರಂತೆ. ಹೌದವಾ, ಕರೆಕ್ಟ್ ಎಂಟಕ್ಕ ಎಂದು ನೀವು ನಕ್ಕಿರಂತೆ. ಹೊಸ ಸಾಮಾನಿನ ಹುರುಪಿನಲ್ಲಿ ಅವರು ಯಾಕೆ ಕೇಳಿದರೆಂದು ನಿಮಗೆ ಹೊಳೆಯಲಿಲ್ಲ.

ಎಂಟು ದಿನ ಹೋಗಿ ಹದಿನೈದಾಯಿತು. ನೀವು ಕರೆಯಲು ಹೋದಿರಿ, ಬರಲಿಲ್ಲ. ಎರಡನೆಯ ಸಲ ಹೋದಾಗ ಲಕ್ಷ್ಮಿ ಕಾರಣ ಹೇಳಿದಳು, ನೀವು ರಾತ್ರಿ ಉಣ್ಣಲಿಲ್ಲ. ಮೂರನೆಯ ಸಲ ನಾನೂ ಬಂದೆ. ನೀವು ಅವರ ಕಾಲು ಹಿಡಿದು, ಮಷೀನಿಗೆ ಏನು ತಿಳೀತದವಾ ಎಂದು ಅತ್ತಿರಿ. ಅವರು ನಿಮ್ಮ ತಲೆ ನೇವರಿಸಿದರು, ಸಿಟ್ಟು ಮಾಡಲಿಲ್ಲ. ಅವರು ಅಂದದ್ದು ಇಷ್ಟೇ.

"ಮಷೀನಿಗೆ ತಿಳೀಲಿಲ್ಲ ಖರೇ. ಟೈಮ್ ಇಟ್ಟಾವಗೂ ತಿಳೀಲಿಲ್ಲೇನಪಾ?"

ನಾನು ಅಲ್ಲೇ ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಯುಗಾದಿಗೆ ನಾಲ್ಕು ದಿನ ಇರುವಾಗ, ಎದೆ ಹಿಡಿದಂತಾಗುತ್ತದೆ ಎಂದು ಕೂತ ಅತ್ತೆ ಮೇಲೆ ಏಳಲಿಲ್ಲ. ಅಮರಗೋಳದ ಮನೆಯಿಂದಲೇ ಅವರನ್ನು ಎತ್ತಿದರು. ಎತ್ತಿದ ಮೇಲೆ ಲಕ್ಷ್ಮಿ ಅಳುತ್ತ ಕಸ ಹೊಡೆದಳು. ನಮ್ಮ ಮನೆಯಲ್ಲಿ ಅದು ಎಂದೋ ಮುಗಿದಿತ್ತು.

ಮಣ್ಣು ಕೊಟ್ಟು ಬಂದ ಮೇಲೆ ನೀವು ದಿನಾ ಬೆಳಿಗ್ಗೆ ಎಂಟಕ್ಕೆ ಗೋಡೆಯ ಗಡಿಯಾರದ ಕೆಳಗೆ ನಿಂತುಬಿಡುತ್ತಿದ್ದಿರಿ. ಅವ್ವಗ ನಾನಽ ಟೈಮ್ ಇಟ್ಟೆ ಎಂದು ಒಮ್ಮೆ ನಿಮ್ಮಷ್ಟಕ್ಕೆ ನೀವೇ ಅಂದದ್ದು ನನಗೆ ಕೇಳಿಸಿತು. ದಿನಕರ್ಮ ಮುಗಿದ ಮರುದಿನ ಚೀಲ ಹಿಡಿದು ಹೊರಟಿರಿ. ಜಗಳ ಆಡಲಿಲ್ಲ. ಈ ಮನ್ಯಾಗ ನನಗ ಇರಾಕ ಆಗೂದಿಲ್ಲ ಎಂದಿರಿ. ನಾನು ತಡೆಯಲಿಲ್ಲ. ಯಾವ ಮುಖ ಹೊತ್ತು ತಡೆಯಲಿ?

ಐದನೆಯ ಪ್ರಶ್ನೆಗೆ ಉತ್ತರ ಬರೆಯುತ್ತೇನೆ, ಗಟ್ಟಿಯಾಗಿ ಕೂತು ಓದಿರಿ. ಕರಿ ಆಮೆಯ ಗಡಿಯಾರ ಸರಿಯಾಗಿದೆ, ಆದರೆ ಆ ಸೋಮವಾರ ಅದು ಹೊರಡಲೇ ಇಲ್ಲ. ಹಿಂದಿನ ಸಂಜೆ ನೀವು ಅಂಗಡಿಯಲ್ಲಿದ್ದಾಗ, ಪಕ್ಕದ ಮನೆಯವರಿಗೆ ತೋರಿಸಲೆಂದು ಹಚ್ಚಿದ್ದಕ್ಕೆ ಮಂಚದ ಕೆಳಗೆ ಹೋಗಿ, ಅತ್ತೆಯ ಕೌದಿಯ ದಾರವನ್ನು ಗಾಲಿಗೆ ಸುತ್ತಿಕೊಂಡು, ಬ್ಯಾಟರಿ ತೀರಿ ಸತ್ತು ಬಿದ್ದಿತ್ತು. ನಾಳೆ ತೆಗೆದರಾಯಿತೆಂದು ನಾನು ಬಿಟ್ಟಿದ್ದೆ. ಆ ಬೆಳಿಗ್ಗೆ ಕಸ ಹೊಡೆದದ್ದು ಬಿಳಿ ಆಮೆ. ಬಿಳಿ ಆಮೆಗೆ ಗಡಿಯಾರವೇ ಇಲ್ಲ. ಅದರ ತಲೆಯ ಮೇಲೆ ಒಂದು ಗುಂಡಿ ಇದೆ, ಅದನ್ನು ಯಾರಾದರೂ ಒತ್ತಬೇಕು. ಒತ್ತಿದವಳು ನಾನು.

ಅವ್ವನನ್ನು ಕಳಿಸಿದ್ದು ನಿಮ್ಮ ಟೈಮ್ ಅಲ್ಲ. ಇದನ್ನು ನಾನು ಅಂದೇ ಹೇಳಿದ್ದರೆ ನೀವು ಅಮರಗೋಳದಿಂದ ಅವರನ್ನು ಕರೆದುಕೊಂಡು ಬರುತ್ತಿದ್ದಿರಿ. ಹೇಳಲಿಲ್ಲ. ಮನೆಯಲ್ಲಿ ಜೋಳ ಹಸನ ಮಾಡುವಾಗ ಕಾಳು ಚೆಲ್ಲಿದ್ದವು, ನಸುಕಿನಿಂದ ಗಡಿಬಿಡಿ, ಬೆನ್ನಿಗೆ ಕಸ ಹೊಡೆಯಬಾರದೆಂಬುದು ಮರೆತು ಒತ್ತಿಬಿಟ್ಟೆ. ಆಮೇಲೆ ಹೇಳಲು ಹೆದರಿದೆ. ಇಂದು ಹೇಳಿದರೆ ಬೈಯುತ್ತಾರೆ, ನಾಳೆ ಹೇಳೋಣ ಎಂದುಕೊಂಡೆ. ನಾಳೆ ಎನ್ನುತ್ತಿದ್ದಂತೆಯೇ ಅವರು ಮಣ್ಣಾದರು.

ನಾಲ್ಕನೆಯದು. ಕರಿದರ ಪೆಟ್ಟಿಗೆ ದೊಡ್ಡದು, ವಾರಕ್ಕೊಮ್ಮೆ ಖಾಲಿ ಮಾಡಿದರೆ ಸಾಕು. ಬಿಳಿದರದು ಚಿಕ್ಕದು, ಅಂಗೈಯಷ್ಟು. ಅದನ್ನು ಆ ಸೋಮವಾರದ ನಂತರ ಯಾರೂ ತೆರೆದಿರಲಿಲ್ಲ, ಇವತ್ತು ತೆರೆದೆ. ಅಡಿಕೆಯ ಎರಡು ಚೂರು, ಕೌದಿಯ ಕೆಂಪು ದಾರ, ಒಂದಿಷ್ಟು ಧೂಳು, ಬ್ರಶ್ಶಿಗೆ ಸುತ್ತಿಕೊಂಡ ಉದ್ದನೆಯ ಒಂದು ಬಿಳಿ ಕೂದಲು. ಅದೆಲ್ಲವನ್ನು ನೆಲದ ಮೇಲೆ ಹರವಿಕೊಂಡು ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಪಕ್ಕದ ಮನೆಯ ಬಿಬಿಜಾನ ಮೊಸರು ಕೇಳಲು ಬಂದವಳು ನನ್ನನ್ನು ನೋಡಿ ಬಟ್ಟಲು ಅಲ್ಲೇ ಇಟ್ಟು ಹೋದಳು.

ಏಜೆನ್ಸಿ ಹಿಡಿಯುವುದಾದರೆ ಕರಿದನ್ನು ಹಿಡಿಯಿರಿ. ಸಪ್ಪಳ ಮಾಡಿದರೂ ಹೇಳಿದಷ್ಟು ಮಾಡುತ್ತದೆ. ಗುಲಾಬಸಾಬರ ಕೈಯಲ್ಲಿ ಅದನ್ನು ಕಳಿಸುತ್ತೇನೆ. ಬಿಳಿದನ್ನು ಕಳಿಸುವುದಿಲ್ಲ, ವ್ಯಾಪಾರಿಗೆ ಕೆಟ್ಟಿತೆಂದು ಹೇಳಿರಿ.

ಇನ್ನು ಮೇಲೆ ಎಂಟು ಗಂಟೆಗೆ ಗಡಿಯಾರ ನೋಡಬೇಡಿರಿ. ಹೊತ್ತಿಗೆ ಸರಿಯಾಗಿ ಉಣ್ಣಿರಿ. ನಿಮ್ಮವಳು ಎಂದು ಬರೆಯಲು ಕೈ ಏಳುತ್ತಿಲ್ಲ.

ಕಾವೇರಿ

ತಾ.ಕ.: ಪತ್ರ ಮಡಚಿ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದ್ದೇನೆ. ಮಿಕ್ಸರಿನ ಸಪ್ಪಳ ಕೇಳಿ ಎಲ್ಲಿ ಕೆಟ್ಟಿದೆ ಎಂದು ಹೇಳುವವರು ನೀವು, ಪೆಟ್ಟಿಗೆಯಲ್ಲಿ ಒಂದೂ ಜೋಳದ ಕಾಳಿಲ್ಲ ಎಂಬುದನ್ನು ಹಿಡಿಯದೆ ಬಿಡುವುದಿಲ್ಲ. ಜೋಳ ಚೆಲ್ಲಿರಲಿಲ್ಲ, ನಾನು ಮರೆತೂ ಇರಲಿಲ್ಲ. ಹಿಂದಿನ ದಿನ ಬಿಬಿಜಾನ ಆಮೆಗಳನ್ನು ನೋಡಲು ಬಂದಾಗ ಅತ್ತೆ ಅವಳ ಮುಂದೆ, "ಕಸಾ ಮಾಡಾಕ ಮನ್ಯಾಗ ಒಂದು ಕೂಸಿಲ್ಲ, ಕಸಾ ಹೊಡಿಯಾಕ ಎರಡು ಮಷೀನ ನೋಡವಾ" ಎಂದು ನಕ್ಕರು. ಅವರ ನಗೆಯೊಳಗೂ ದುಃಖ ಇತ್ತು, ಈಗ ತಿಳಿಯುತ್ತದೆ. ಆಗ ನನಗೆ ಗಾಯದ ಮೇಲೆ ಬರೆ ಎಳೆದಂತಾಯಿತು. ಮದುವೆಯಾಗಿ ಹತ್ತು ವರ್ಷ, ನಾನು ಯಾವ ಡಾಕ್ಟರನ್ನು ಬಿಟ್ಟಿದ್ದೆ? ಬೆಳಿಗ್ಗೆ ಅವರು ಮೊಮ್ಮಗನ ಜವಳಕ್ಕೆ ಹೊಸ ಸೀರೆ ಉಟ್ಟು ಹೊಸ್ತಿಲು ದಾಟುವುದನ್ನು ಕಾದು, ಗೊತ್ತಿದ್ದೇ ಗುಂಡಿ ಒತ್ತಿದೆ. ಅವರು ಹಿಂತಿರುಗಿ ನೋಡಿದರು. ಇದನ್ನ ಯಾರು ಹಚ್ಚಿದ್ರವಾ ಎಂದು ಕೇಳಿದರು. "ಟೈಮ್ ನಿಮ್ಮ ಮಗಾನಽ ಇಟ್ಟಾರ್ರಿ, ಅತ್ತಿ" ಎಂದೆ. ಅವರು ಸಾಯುವವರೆಗೆ ನಂಬಿದ್ದು ಆ ಮಾತನ್ನು.

ನನ್ನನ್ನು ಕ್ಷಮಿಸಿ ಎಂದು ಕೇಳುವುದಿಲ್ಲ. ಒಂದನ್ನು ಮಾತ್ರ ನಂಬಿರಿ. ನೀವು ಚೀಲ ಹಿಡಿದು ಹೋದ ದಿನ, ಆಮೇಲೆ ಎರಡು ದಿನ, ನಾನು ಈ ಮನೆಯಲ್ಲಿ ಕಸ ಹೊಡೆಯಲಿಲ್ಲ.