ಏಳಬೇಕಾದ ಪಾತ್ರ

ಫೆಬ್ರವರಿ ೨೬, ಸೋಮವಾರ

ಪ್ರೀತಿಯ ಮಗಳೇ,

ಚೆನ್ನಾಗಿದ್ದೀಯಾ? ಪುಟ್ಟಿಯ ಕೆಮ್ಮು ಕಡಿಮೆಯಾಯಿತಾ? ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ, ಬೈಯುವ ಕೆಲಸವನ್ನು ಸದ್ಯಕ್ಕೆ ಈ ಮನೆಯಲ್ಲಿ ನಾನೇ ನೋಡಿಕೊಳ್ಳುತ್ತಿದ್ದೇನೆ.

ನಿನ್ನೆ ನಿನ್ನಮ್ಮ ಪೂಜೆಗೆ ಬರಲಿಲ್ಲ. ಗಾಲಿಕುರ್ಚಿ ಹಿಡಿದ ಈ ಎರಡು ವರ್ಷದಲ್ಲಿ ಒಂದು ಭಾನುವಾರವೂ ತಪ್ಪಿಸಿದವಳಲ್ಲ. ಇನ್ನು ಚರ್ಚಿಗೆ ಬರುವುದೇ ಇಲ್ಲ ಎನ್ನುತ್ತಾಳೆ. ಫೋನಿನಲ್ಲಿ ನಿನಗೆ ಇದನ್ನೆಲ್ಲ ಹೇಳುವವಳಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲ ಆ ನಾಟಕದಿಂದ. ಹಿಂದಿನ ಭಾನುವಾರದ ಪೂಜೆಯಲ್ಲಿ ಶುಭಸಂದೇಶವನ್ನು ಆಡಿ ತೋರಿಸೋಣ ಎಂದು ಫಾದರ್‌ಗೆ ಹೊಳೆದಿತ್ತು. ಪಾರ್ಶ್ವವಾಯು ಬಡಿದವನನ್ನು ನಾಲ್ವರು ಹೊತ್ತು ತಂದು ಯೇಸುವಿನ ಮುಂದೆ ಇಳಿಸುತ್ತಾರಲ್ಲ, ಆ ಕಥೆ. ರೋಗಿ ಯಾರಾಗುತ್ತೀರಿ ಎಂದು ಧರ್ಮಪಾಠದ ಟೀಚರ್ ಕೇಳಿದ್ದೇ ತಡ, ನಿನ್ನಮ್ಮ ಕೈ ಎತ್ತಿದಳು. ಮಲಗುವುದಕ್ಕೆ ತನಗೆ ಅಭ್ಯಾಸ ಬೇಕಿಲ್ಲವಂತೆ. ಆದರೆ ಕೊನೆಗೆ ಎದ್ದು ನಡೆಯಬೇಕಲ್ಲ ಎಂಬ ಮಾತು ಬಂತು. ಈ ಟೀಚರಿಗೆ ಹಿಂದುಮುಂದು ನೋಡಿ ಮಾತಾಡಿ ಗೊತ್ತಿಲ್ಲ. ಕಡೆಗೆ ತೂಕ ಕಡಿಮೆಯೆಂದು ಪಾತ್ರವನ್ನು ನನ್ನ ತಲೆಗೆ ಕಟ್ಟಿದರು.

ಇಪ್ಪತ್ತೆರಡು ವರ್ಷ ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳಿದವನು ನಾನು. ಆ ನಾಲ್ವರಿಗೆ ಹೊರುವುದನ್ನು ಹೇಳಿಕೊಟ್ಟು ಸಾಕುಸಾಕಾಯಿತು. ಮುಂದೆ ಹಿಡಿದಿದ್ದ ಬೇಕರಿಯವನು, ಬ್ರೆಡ್ಡಿನ ತಟ್ಟೆಯನ್ನು ಒಲೆಗೆ ನೂಕುವ ಹಾಗೆ ನನ್ನನ್ನು ಯೇಸುವಿನ ಕಾಲಬುಡಕ್ಕೆ ನೂಕಿದ. ಯೇಸು ಅಂದರೆ ನಮ್ಮ ಎಲೆಕ್ಟ್ರಿಷಿಯನ್, ಅಂಟಿಸಿದ ಗಡ್ಡ ಒಂದು ಕಡೆ ಜೋತು ಬಿದ್ದಿತ್ತು. ಅವನು ಎದ್ದು ನಡೆ ಎಂದ. ಎದ್ದೆ, ಹಾಸಿಗೆ ಸುತ್ತಿಕೊಂಡೆ, ನಿನ್ನಮ್ಮನ ಗಾಲಿಕುರ್ಚಿಯ ಪಕ್ಕದಲ್ಲೇ ನಡೆದು ಹೋದೆ. ಜನ ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ನಿನ್ನೆ ಸಂಜೆ ರೇಗಿಬಿಟ್ಟೆ. ಐದು ನಿಮಿಷದ ನಾಟಕಕ್ಕೆ ಯಾರಾದರೂ ಚರ್ಚು ಬಿಡುತ್ತಾರಾ ಎಂದು ಕೇಳಿದೆ. ಅವಳು ಒಗೆದ ಬಟ್ಟೆ ಮಡಿಸುತ್ತಾ ತಲೆ ಎತ್ತದೆ ಹೇಳಿದಳು:

"ಏಳೋಕೆ ಅಂತ ನಾನು ಕೈ ಎತ್ತಿದ್ನಾ? ನಾಲ್ಕು ಜನ ಹೊತ್ಕೊಂಡು ಹೋಗಿ ದೇವರ ಮುಂದೆ ಇಳಿಸ್ತಾರಲ್ಲ, ನನಗೆ ಅಷ್ಟೇ ಸಾಕಾಗಿತ್ತು."

ಫಾದರ್ ಹತ್ತಿರ ಮಾತಾಡೋಣವೆಂದರೆ, ಯಾರಿಗೂ ಹೇಳಕೂಡದಂತೆ. ನೀನಾದರೂ ಫೋನ್ ಮಾಡಿ ಮೆಲ್ಲಗೆ ಹೇಳಿ ನೋಡು. ನನ್ನ ಮಾತಿಗಂತೂ ಈಗ ಬೆಲೆಯಿಲ್ಲ.

ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ಪುಟ್ಟಿಗೆ ಮುತ್ತು. ದೇವರು ನಿಮ್ಮ ಮೂವರನ್ನೂ ಚೆನ್ನಾಗಿ ಇಟ್ಟಿರಲಿ.

ಇಂತಿ,
ನಿನ್ನ ಅಪ್ಪ

ತಾ.ಕ.: ಪಾಪ, ಟೀಚರ್ ಮೇಲೆ ಸುಮ್ಮನೆ ಗೂಬೆ ಕೂರಿಸಿದೆ. ಅವರು ಆಗಲಿ ಎಂದು ನಿನ್ನಮ್ಮನ ಹೆಸರು ಬರೆದುಕೊಳ್ಳಲು ಪೆನ್ನು ತೆಗೆದಿದ್ದರು. "ಕೊನೆಗೆ ಎದ್ದು ನಡೀಬೇಕಲ್ಲ, ಇವಳೆಲ್ಲಿ ನಡೀತಾಳೆ" ಅಂದವನು ನಾನು. ತಮಾಷೆಗೆ ಅಂದೆ. ಎಲ್ಲರೂ ನಕ್ಕರು. ಅವಳೂ ನಗುತ್ತಲೇ ಕೈ ಇಳಿಸಿದಳು.